ಬರಿ ತಟ್ಟೆಯ ಹೋಳಿಗೆ

ಟೀವಿಯಲ್ಲಿ ರಾಜಮತಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಗಲಾಟೆ. ಒಂದು ಧಾರಾವಾಹಿಯಲ್ಲಿ ಸೊಸೆಯ ಪ್ರಾಣ ಹಿಂಡುವ ಅತ್ತೆ, ಇನ್ನೊಂದರಲ್ಲಿ ಮೊಮ್ಮಗನಿಗೆ ಕೈತುತ್ತು ಹಾಕುವ ಅಜ್ಜಿ, ನಡುವೆ ಜಾಹೀರಾತಿನಲ್ಲಿ ಕಾಫಿಪುಡಿ ಮೂಸಿ ಕಣ್ಣು ಮುಚ್ಚುವ ಹೆಂಗಸು. ನಿಮ್ಮ ಫ್ರೆಂಡು ಬಂದರು ಅಂತ ಮೊಮ್ಮಕ್ಕಳು ಕೂಗುತ್ತವೆ. ಅವಳ ನಿಜವಾದ ನಟನೆಯನ್ನು ನಿಮ್ಮಪ್ಪ ಹುಟ್ಟುವುದಕ್ಕೆ ಮುಂಚೆಯೇ ನೋಡಿದ್ದೇನೆ ಬಿಡ್ರೋ ಅಂತ ನಾನು ಅಡುಗೆಮನೆಯಿಂದಲೇ ಉತ್ತರ ಕೊಡುತ್ತೇನೆ. ಪತ್ರಿಕೆಯವರು ಅವಳ ಮನೆಗೆ ಹೋಗಿ ನಿಮ್ಮ ಗುರು ಯಾರು, ಮೊದಲ ಬಹುಮಾನ ಯಾವುದು ಅಂತ ಕೇಳಿ ಏನೇನೋ ಬರೆಯುತ್ತಾರೆ. ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳದಿದ್ದರೆ ಅವರ ಕರ್ಮ, ನಾನೇ ಹೇಳುತ್ತೇನೆ.

ನಾನು ಯದುಗಿರಿ. ನಮ್ಮಪ್ಪ ಭಾಷ್ಯಂ ಅಯ್ಯಂಗಾರ್ರು ಬೇಲೂರು ದೇವಸ್ಥಾನದಲ್ಲಿ ಪಾರಾಯಣ ಮಾಡುತ್ತಿದ್ದವರು. ರಾಜಮತಿ ಹಳೇಬೀಡಿನ ಧರಣಪ್ಪನವರ ಒಬ್ಬಳೇ ಮಗಳು. ಜೈನರು, ಬಸದಿಯ ಹತ್ತಿರವೇ ಮನೆ, ಒಂದಿಷ್ಟು ಜಮೀನು, ಜೊತೆಗೆ ಅರಸೀಕೆರೆಯ ಮಂಡಿಗೆ ಕೊಬ್ಬರಿ ಹಾಕುವ ವ್ಯಾಪಾರ. ಹೈಸ್ಕೂಲು ಓದಲು ಅವಳು ಬೇಲೂರಿನ ನೆಂಟರ ಮನೆಯಲ್ಲಿದ್ದಳು, ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಆ ವರ್ಷ ಸ್ಕೂಲ್ ಡೇ ನಾಟಕದ ಹೊತ್ತಿಗೆ ಸರಿಯಾಗಿ ಊರಿಗೆಲ್ಲ ಮಂಗನಬಾವು ಬಂತು. ರಾಜನ ಕೆನ್ನೆ ಊದಿತು, ಮಂತ್ರಿಯ ಕೆನ್ನೆ ಊದಿತು, ರಾಣಿಯಂತೂ ಬಾಯಿ ತೆರೆಯದಂತಾದಳು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ದಾಸಿಯ ಪಾತ್ರದ ರಾಜಮತಿ ಎದ್ದು ನಿಂತು, ಎಲ್ಲರ ಮಾತೂ ನನಗೆ ಬರುತ್ತೆ ಸಾರ್ ಅಂದಳು.

ಬರುತ್ತಿತ್ತು. ಪೇಟ ಸುತ್ತಿಕೊಂಡರೆ ರಾಜ, ಶಾಲು ಹೊದ್ದರೆ ಮಂತ್ರಿ, ಸೆರಗು ತಲೆಗೆಳೆದುಕೊಂಡರೆ ರಾಣಿ. ಈ ಕಡೆಯಿಂದ ಪ್ರಶ್ನೆ ಕೇಳಿ ಆ ಕಡೆಗೆ ಓಡಿ ಉತ್ತರ ಹೇಳಿದಳು. ರಾಜನಿಗೆ ಸಿಟ್ಟು ಬಂದು ಮಂತ್ರಿಯ ಕೆನ್ನೆಗೆ ಹೊಡೆಯುವ ಜಾಗದಲ್ಲಿ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡು ದಬಕ್ಕನೆ ಬಿದ್ದಳು. ನಾನು ಪರದೆಯ ಪಕ್ಕ ಪುಸ್ತಕ ಹಿಡಿದು ಮಾತು ಎತ್ತಿಕೊಡುವವಳು, ಅಂದರೆ ಪ್ರಾಂಪ್ಟರು. ನಕ್ಕೂ ನಕ್ಕೂ ಪುಸ್ತಕ ಕೈಯಿಂದ ಜಾರಿ ಹೋಯಿತು. ಹೋದರೂ ಏನೂ ನಷ್ಟವಾಗಲಿಲ್ಲ, ಅವಳು ಒಂದು ಮಾತಿಗೂ ನನ್ನ ಕಡೆ ತಿರುಗಲಿಲ್ಲ.

ಆ ನಾಟಕವನ್ನು ನಮ್ಮ ಗೋಪಾಲಸ್ವಾಮಿ ಮಾಮ ನೋಡಿದರು. ಅಮ್ಮನ ತಮ್ಮ, ಅರಸೀಕೆರೆ ರೈಲ್ವೆಯಲ್ಲಿ ಗುಮಾಸ್ತೆ. ಸರ್ಕಾರ ಅವರಿಗೆ ಸಂಬಳ ಕೊಡುತ್ತಿದ್ದದ್ದು ಗೂಡ್ಸ್ ಆಫೀಸಿನ ಕೆಲಸಕ್ಕೆ, ಅವರು ಮಾಡುತ್ತಿದ್ದದ್ದು ನಾಟಕ. ತಾವೇ ಬರೆದು ತಾವೇ ಕಲಿಸಿ ರೈಲ್ವೆ ಹುಡುಗರ ಕೈಯಲ್ಲಿ ಆಡಿಸುತ್ತಿದ್ದರು. ಹೆಣ್ಣು ಪಾತ್ರಗಳೆಲ್ಲ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ದೇವೀರಪ್ಪನ ಪಾಲು. ಅವನಿಗೆ ಮದುವೆ ಗೊತ್ತಾಗಿದ್ದೇ ತಡ, ಇನ್ನು ಮೇಲೆ ಮೀಸೆ ಬೋಳಿಸುವುದಿಲ್ಲ ಅಂತ ಹಟ ಹಿಡಿದ. ಮಾಮ ಬೇಡಿಕೊಂಡರು, ಗದರಿದರು, ನಡೆಯಲಿಲ್ಲ. ಕೊನೆಗೆ ಬೇಲೂರಿಗೆ ಬಂದು ಆ ಹುಡುಗಿಯನ್ನು ಕೊಡಿಸು ಅಂತ ನನ್ನ ದುಂಬಾಲು ಬಿದ್ದರು. ಕೊಡಿಸು ಅನ್ನುವುದಕ್ಕೆ ಅವಳೇನು ಸೌತೆಕಾಯಿಯೇ? ಆದರೂ ನಾನು ಅವರನ್ನು ಹಳೇಬೀಡಿಗೆ ಕರೆದುಕೊಂಡು ಹೋದೆ, ಯಾಕೆಂದರೆ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತು ನನಗೂ ತಲೆ ಕೆಟ್ಟಿತ್ತು.

ಧರಣಪ್ಪನವರು ಕೂಗಾಡುವ ಮನುಷ್ಯರಲ್ಲ. ಕೂಗಾಡಿದ್ದರೆ ಪರವಾಗಿರಲಿಲ್ಲ. ಅವರು ಎಲ್ಲವನ್ನೂ ಕೇಳಿ, ಕೇಳಿದ್ದನ್ನು ಒಳಗೇ ತಿರುಗಿಸಿ ಮುರುಗಿಸಿ, ನಮಗೆಲ್ಲ ಬೆವರು ಇಳಿದ ಮೇಲೆ ಮೆಲ್ಲಗೆ ಬಾಯಿ ಬಿಡುತ್ತಿದ್ದರು. ಅವತ್ತು ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಆಡು, ಬೇಡ ಅನ್ನಲ್ಲ. ಆದ್ರೆ ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ತುತ್ತೂ ಹೋಗಬಾರದು, ಒಂದು ಹನಿ ನೀರೂ ಹೋಗಬಾರದು. ನಮ್ಮ ಮನೆ ನಡೆದುಕೊಂಡು ಬಂದಿರೋದು ಹಾಗೆ. ಅದೊಂದನ್ನ ಉಳಿಸ್ಕೊಂಡ್ರೆ ನೀನು ಯಾವೂರಿನಲ್ಲಿ ಬೇಕಾದ್ರೂ ಆಡು ತಾಯಿ."

ಇಷ್ಟೇನಾ ಅಂತ ನನಗೆ ಕುಣಿಯುವಷ್ಟು ಖುಷಿಯಾಯಿತು. ಜೈನರ ಮನೆಯ ಹುಡುಗಿ, ಹುಟ್ಟಿದಾಗಿನಿಂದ ಸಂಜೆಗತ್ತಲೆಗೆ ಮುಂಚೆ ಉಂಡು ಕೈ ತೊಳೆದವಳು. ಅವಳಿಗೆ ಇದೇನು ದೊಡ್ಡ ಮಾತು? ನಾನೇ ಕಾವಲಿಗಿರುತ್ತೇನೆ ಅಂತ ಧರಣಪ್ಪನವರ ಮುಂದೆ ಎದೆ ತಟ್ಟಿಕೊಂಡು ಹೇಳಿ ಬಂದೆ.

ನಾಟಕದ ಹೆಸರು 'ಉಗ್ರಾಣದ ಬೀಗದ ಕೈ'. ಜಿಪುಣ ಅತ್ತೆ ಸೊಸೆಯನ್ನು ಉಪವಾಸ ಕೆಡವಿ ಉಗ್ರಾಣಕ್ಕೆ ಬೀಗ ಹಾಕಿಕೊಂಡು ಓಡಾಡುತ್ತಾಳೆ, ಒಂದು ದಿನ ಸೊಸೆಗೆ ಬೀಗದ ಕೈ ಸಿಗುತ್ತದೆ, ಅದೇ ಕತೆ. ದೇವೀರಪ್ಪನ ಮೀಸೆಯ ದೆಸೆಯಿಂದ ಅತ್ತೆ ರಾತ್ರೋರಾತ್ರಿ ಮಾವನಾದಳು. ಮಿಕ್ಕ ಹೆಂಗಸರೆಲ್ಲ ರಾಜಮತಿ. ಮೊದಲು ಕೋಲೂರಿಕೊಂಡು ಬರುವ ಅಜ್ಜಿ, ಆಮೇಲೆ ಕಣಿ ಹೇಳುವ ಕೊರವಂಜಿ, ಆಮೇಲೆ ಹಸಿದ ಸೊಸೆ. ನಾವಿಬ್ಬರೂ ಅರಸೀಕೆರೆಯಲ್ಲಿ ಮಾಮನ ಮನೆಯಲ್ಲೇ ಉಳಿದು ಅಭ್ಯಾಸ ಮಾಡಿದೆವು. ಅಜ್ಜಿಯ ನಡಿಗೆಗೆ ಅವಳು ಸ್ಟೇಷನ್ನಿಗೆ ಹೋಗಿ, ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿ ಮಂಡಿ ಹಿಡಿದುಕೊಂಡ ಮುದುಕಿಯರನ್ನೆಲ್ಲ ನೋಡಿ ಬಂದಳು. ಬಂದವಳು ಹಾಗೇ ಕುಂಟುತ್ತ ಮಾಮಿಯ ಮುಂದೆ ನಿಂತಾಗ, ಪಾಪ, ಮಾಮಿ ಎಣ್ಣೆ ಕಾಯಿಸಲು ಒಳಗೆ ಹೋದರು.

ಸೊಸೆ ಉಗ್ರಾಣ ಹೊಕ್ಕು ಕದ್ದು ಹೋಳಿಗೆ ತಿನ್ನುವ ದೃಶ್ಯ ನಾಟಕದ ಜೀವ. ಹಗಲು ಹೊತ್ತಿನ ಅಭ್ಯಾಸಕ್ಕೆ ಮಾಮಿ ನಿಜವಾದ ಹೋಳಿಗೆಯನ್ನೇ ಮಾಡಿಕೊಡುತ್ತಿದ್ದರು. ಆ ದೃಶ್ಯದ ಅಭ್ಯಾಸ ಸಾಲದು, ಇನ್ನೂ ಆಗಬೇಕು ಅಂತ ತಂಡದವರೆಲ್ಲ ದಿನಾ ಒತ್ತಾಯ ಮಾಡುತ್ತಿದ್ದರು. ಆದರೆ ಆಟ ನಡೆಯುವುದು ಹೊತ್ತು ಮುಳುಗಿದ ಮೇಲೆ. ಅವತ್ತಿಗೆ ಬರಿ ತಟ್ಟೆ ಸಾಕು ಅಂತ ರಾಜಮತಿ ಹೇಳಿದಳು. ಬರಿ ತಟ್ಟೆ ಕಂಡರೆ ಜನ ನಗುತ್ತಾರೆ, ಒಂದು ಒಣ ಚಪಾತಿಯನ್ನಾದರೂ ಇಟ್ಟುಕೋ ಅಂತ ಮಾಮ ಗೋಗರೆದರು. ಅವಳು ಜಗ್ಗಲಿಲ್ಲ.

ಭಾನುವಾರ ಸಂಜೆ ಬಂತು. ಅವಳು ಬೆಳಕಿರುವಾಗಲೇ ಅವಲಕ್ಕಿ ತಿಂದು, ನೀರು ಕುಡಿದು, ಬಾಯಿ ಮುಕ್ಕಳಿಸಿ ಬಂದಳು. ಆ ಹಿತ್ತಾಳೆ ತಟ್ಟೆಯನ್ನು ನಾನೇ ಒರೆಸಿ, ಮೇಲೆ ಬಾಳೆಲೆ ಮುಚ್ಚಿ ಇಟ್ಟೆ. ಸ್ಟೇಷನ್ನಿನ ಪಕ್ಕದ ಬಯಲಿನಲ್ಲಿ ರಂಗ ಕಟ್ಟಿದ್ದರು, ಜನವೋ ಜನ. ಅಲ್ಲಿನ ನಾಟಕಗಳಲ್ಲಿ ಒಂದು ಪದ್ಧತಿಯಿತ್ತು. ಗಾಡಿ ಬಂದರೆ ಸದ್ದಿಗೆ ಮಾತು ಕೇಳಿಸುವುದಿಲ್ಲ, ಹಾಗಾಗಿ ಪಾತ್ರಧಾರಿಗಳು ಎಲ್ಲಿದ್ದರೋ ಅಲ್ಲೇ ಗೊಂಬೆಯ ಹಾಗೆ ನಿಂತು, ಗಾಡಿ ದಾಟಿದ ಮೇಲೆ ಮಾತು ಮುಂದುವರಿಸುತ್ತಿದ್ದರು. ಕೊಬ್ಬರಿ ಮಂಡಿಗೆ ಬಂದಿದ್ದ ಧರಣಪ್ಪನವರು ಹೆಂಡತಿ ಶೀಲಾವತಮ್ಮನವರನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಾರೆ ಅಂತ ಮಾಮ ಓಡಿ ಬಂದು ಹೇಳಿದರು. ರಾಜಮತಿಯ ಕಣ್ಣು ಹೊಳೆಯಿತು. ನಾನು ಬಾಳೆಲೆ ಎತ್ತಿ ಆ ತಟ್ಟೆಯನ್ನು ಇನ್ನೊಂದು ಸಲ ಒರೆಸಿದೆ.

ಅಜ್ಜಿ ಬಂದಾಗ ಜನ ನಕ್ಕರು. ಕೊರವಂಜಿ ಕಣಿ ಹೇಳುತ್ತ ಕೆಳಗಿಳಿದು ಸ್ಟೇಷನ್ ಮಾಸ್ಟರ ಕೈಯನ್ನೇ ಹಿಡಿದಾಗ ಚಪ್ಪಾಳೆ ಬಿತ್ತು. ಅಜ್ಜಿ, ಕೊರವಂಜಿ, ಸೊಸೆ ಮೂವರೂ ಒಬ್ಬಳೇ ಅಂತ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. ಆಮೇಲೆ ಸೊಸೆ ಉಗ್ರಾಣ ಹೊಕ್ಕಳು. ಬಾಳೆಲೆ ಸರಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬರಿ ಗಾಳಿಯಿಂದ ಒಂದು ಹೋಳಿಗೆ ಎತ್ತಿದಳು. ಬಿಸಿ ತಾಗಿ ಬೆರಳು ಕೊಡವಿಕೊಂಡಳು. ಅಂಚು ಮುರಿದಳು, ಹೂರಣ ಉದುರಿತು, ಉದುರಿದ್ದನ್ನು ಸೀರೆಯಿಂದ ಹೆಕ್ಕಿ ಬಾಯಿಗೆ ಹಾಕಿಕೊಂಡಳು. ತುಪ್ಪ ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು, ಅವಳು ಕೈ ಎತ್ತಿ ಮೊಣಕೈಯಿಂದ ಮೇಲಕ್ಕೆ ನೆಕ್ಕಿಕೊಂಡು ಬಂದಳು. ತಟ್ಟೆ ಒರೆಸಿದ ನಾನೇ ಬಗ್ಗಿ ನೋಡಿದೆ, ಎಲ್ಲಾದರೂ ಯಾರಾದರೂ ನಿಜವಾದ ಹೋಳಿಗೆ ಇಟ್ಟುಬಿಟ್ಟರೋ ಅಂತ.

ಅಷ್ಟರಲ್ಲಿ ಗಾಡಿ ಬಂತು. ನಿಲ್ಲಬೇಕಾಗಿತ್ತು, ಪದ್ಧತಿ. ಆದರೆ ತಿನ್ನುವುದಕ್ಕೆ ಮಾತು ಯಾಕೆ? ಅಷ್ಟುದ್ದದ ಗೂಡ್ಸ್ ಗಾಡಿ ದಡಬಡ ಅಂತ ಹೋಗುವಷ್ಟು ಹೊತ್ತೂ ಅವಳು ತಿಂದಳು. ಕೊನೆಗೆ ಗಂಟಲಿಗೆ ಸಿಕ್ಕಿಕೊಂಡು ಬಿಕ್ಕಳಿಕೆ ಬಂದು, ಮಾವ ಬಂದಾನೆಂದು ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಮುಂದೆ ಕೂತ ಮಕ್ಕಳು ನಮಗೂ ಹೋಳಿಗೆ ಬೇಕು ಅಂತ ರಚ್ಚೆ ಹಿಡಿದವು. ಹಿಂದಿನಿಂದ ಯಾರೋ ಒನ್ಸ್ ಮೋರ್ ಅಂದರು, ಬಯಲೆಲ್ಲ ಒನ್ಸ್ ಮೋರ್ ಆಯಿತು. ಜನ ಹಾಗೆ ಕೂಗಿದರೆ ಅದನ್ನೇ ಇನ್ನೊಂದು ಸಲ ಆಡಿ ತೋರಿಸುವುದು ನಾಟಕದವರ ಧರ್ಮ. ಅವಳು ನಮಸ್ಕಾರ ಮಾಡಿ, ತಟ್ಟೆಗೆ ಬಾಳೆಲೆ ಮುಚ್ಚಿ, ಉಗ್ರಾಣದ ಬಾಗಿಲಿನಿಂದ ಮತ್ತೆ ಶುರು ಮಾಡಿದಳು.

ಇದೇನು ಎಲ್ಲರೂ ಕೂಗುತ್ತಿರುವುದು ಅಂತ ಧರಣಪ್ಪನವರು ಪಕ್ಕದವರನ್ನು ಕೇಳಿದರಂತೆ. ಇನ್ನೊಂದು ಸಲ ತಿನ್ನು ಅಂತ ಕೇಳುತ್ತಿದ್ದಾರೆ ಸ್ವಾಮಿ ಅಂತ ಆತ ಹೇಳಿದನಂತೆ. ಎರಡನೆಯ ಸಲದ ತುಪ್ಪ ಮೊಣಕೈಗೆ ಇಳಿಯುವಾಗ ಧರಣಪ್ಪನವರು ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದು ಹೊರಟೇಬಿಟ್ಟರು. ನಾಟಕ ಮುಗಿಯುತ್ತಿದ್ದ ಹಾಗೆ ಮೈಸೂರಿನಿಂದ ಬಂದಿದ್ದ ಯಾರೋ ಮಾಮನ ಕೈ ಕುಲುಕಿ, ದಸರೆಗೆ ನಮ್ಮಲ್ಲಿ ಇದೇ ನಾಟಕ ಆಡಿ, ಆ ಹುಡುಗಿ ಬರಲೇಬೇಕು ಅಂದರು. ಮಾಮ ಪಂಚೆ ಎತ್ತಿ ಕಟ್ಟಿಕೊಂಡು ಕುಣಿದರು. ಪರದೆಯ ಹಿಂದೆ ಆಗಲೇ ಶೀಲಾವತಮ್ಮ ಬಂದು ಮಗಳ ಮುಖವನ್ನು ನೋಡುತ್ತ ನಿಂತಿದ್ದರು.

ಬೆಳಿಗ್ಗೆ ಅಪ್ಪ ಅಮ್ಮ ಮಗಳನ್ನು ಕರೆದುಕೊಂಡು ಊರಿಗೆ ಹೊರಟಾಗ ನಾನೂ ಅವರ ಜೊತೆ ಹಳೇಬೀಡಿಗೆ ಹೋದೆ. ಮನೆಗೆ ಹೋಗಿ ಕಾಲು ತೊಳೆದ ಮೇಲೆ ಧರಣಪ್ಪನವರು ಅದೇ ಮೆಲುದನಿಯಲ್ಲಿ ಹೇಳಿದರು, ಮಗಳಿಂದ ತಪ್ಪಾಗಿದೆ, ಇವತ್ತು ತಾವು ಉಪವಾಸ, ಮತ್ತು ನಾಟಕ ಅಲ್ಲಿಗೆ ಮುಗಿಯಿತು. ರಾಜಮತಿ ಅವರ ಕಾಲ ಬಳಿ ಕೂತು, ನಾನು ತಿನ್ನಲಿಲ್ಲ ಅಪ್ಪಾಜಿ, ಅದು ಆಟ, ತಟ್ಟೆಯಲ್ಲಿ ಏನೂ ಇರಲಿಲ್ಲ ಅಂದಳು.

"ತಿಂದದ್ದಕ್ಕಿಂತ ಈ ಸುಳ್ಳು ಹೇಳ್ತಿದೀಯಲ್ಲ, ಅದು ಹೆಚ್ಚು ನೋಯುತ್ತೆ ಮಗಳೇ. ತುಪ್ಪ ಮೊಣಕೈಗೆ ಇಳಿದದ್ದನ್ನ ನಾನು ಕಣ್ಣಾರೆ ಕಂಡೆ."

ನನಗೆ ಮೈ ಉರಿದುಹೋಯಿತು. ತಟ್ಟೆ ಒರೆಸಿದವಳು ನಾನು, ನನ್ನ ಮಾತಾದರೂ ಕೇಳಿ ಅಂತ ಜಗಳಕ್ಕೇ ನಿಂತೆ. ಅವರು ನನ್ನನ್ನು ಕರುಣೆಯಿಂದ ನೋಡಿ, ನೀನು ಅವಳಿಗೆ ಮಾತು ಎತ್ತಿಕೊಡುವವಳಲ್ಲವೇನಮ್ಮ, ಇವತ್ತು ನಿನಗೆ ಯಾರು ಎತ್ತಿಕೊಟ್ಟರು ಅಂದರು. ಎಂಥ ಮಾತು!

ಮಧ್ಯಾಹ್ನದ ಬಸ್ಸಿಗೆ ಮಾಮ ಮತ್ತು ದೇವೀರಪ್ಪ ಬಂದಿಳಿದರು. ಮೈಸೂರಿಗೆ ಒಪ್ಪಿಗೆ ತಿಳಿಸಬೇಕು, ಹುಡುಗಿಯಿಲ್ಲದೆ ಏನು ತಿಳಿಸುವುದು? ಶೀಲಾವತಮ್ಮ ಹೇಳಿದ್ದನ್ನೆಲ್ಲ ಕೇಳಿ ಮಾಮ ಚೀಲದಿಂದ ಆ ಹಿತ್ತಾಳೆ ತಟ್ಟೆಯನ್ನು ತೆಗೆದು, ಸಾಕ್ಷಿ ಅಂತ ಧರಣಪ್ಪನವರ ಮುಂದಿಟ್ಟರು. ನೋಡಿ ಸ್ವಾಮಿ, ತೊಳೆದಿಲ್ಲ ಬಳಿದಿಲ್ಲ, ನಿನ್ನೆ ಇದ್ದ ಹಾಗೇ ಇದೆ, ಒಂದು ಚೂರಾದರೂ ಅಂಟಿದೆಯಾ ಅಂತ ಕೇಳಿದರು. ಧರಣಪ್ಪನವರು ತಟ್ಟೆಯನ್ನು ತಿರುಗಿಸಿ ನೋಡಿ, ಚೂರೂ ಬಿಡದ ಹಾಗೆ ತಿಂದಿದ್ದಾಳೆ ಅಂತ ನಿಟ್ಟುಸಿರಿಟ್ಟರು. ಆಗ ದೇವೀರಪ್ಪ ನಡುವೆ ಬಾಯಿ ಹಾಕಿದ.

"ನಾನೂ ಹಂಗೇ ಅಂದ್ಕಂಡೆ ಕಣ್ ಸ್ವಾಮಿ. ನನಗೂ ಒಂದ್ ಉಳ್ಸಿರ್ತಾಳೇನೋ ಅಂತ ಓಡೋಗಿ ನೋಡ್ದೆ, ಒಂದೂ ಇರ್ಲಿಲ್ಲ."

ಮಾಮ ಹಣೆ ಚಚ್ಚಿಕೊಂಡರು. ಸಾಕ್ಷಿ ಹೇಳಲು ಕರೆತಂದವನೇ ಕೇಸು ಸೋಲಿಸಿದ. ನಾನು ದೇವೀರಪ್ಪನ ಮೀಸೆಯನ್ನು ಎರಡೂ ಕಡೆ ಹಿಡಿದು ಎಳೆಯಬೇಕು ಅಂದುಕೊಂಡು ರಾಜಮತಿಯನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದೆ. ಅವಳು ಬಾವಿಕಟ್ಟೆಯ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು, ಭುಜ ಅಲುಗುತ್ತಿತ್ತು. ಅಳಬೇಡ ಕಣೇ ಅಂತ ಸೆರಗು ಎಳೆದರೆ, ಕಣ್ಣಲ್ಲಿ ನೀರಿದ್ದದ್ದು ನಿಜ, ಆದರೆ ಮುಖದ ತುಂಬ ನಗು.

"ಅಪ್ಪಾಜಿ ನಂಬಿಬಿಟ್ರು ಕಣೇ ಯದು. ಹುಟ್ಟಿದಾಗಿಂದ ನಾನು ಉಣ್ಣೋದನ್ನ ಎದುರಿಗೇ ಕೂತು ನೋಡಿರೋರು, ಅವರೇ ನಂಬಿಬಿಟ್ರು."

ಇಂಥವಳಿಗೆ ಏನು ಹೇಳುವುದು? ನಾನೂ ನಕ್ಕುಬಿಟ್ಟೆ. ಇಬ್ಬರೂ ಒಬ್ಬರ ಬಾಯನ್ನೊಬ್ಬರು ಮುಚ್ಚಿಕೊಂಡು, ಒಳಗೆ ಉಪವಾಸವಿರುವವರಿಗೆ ಕೇಳಿಸಬಾರದೆಂದು ಬಾವಿಕಟ್ಟೆಯ ಮೇಲೆ ಉರುಳಾಡಿ ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ನಿಜವಾಗಿ ಅತ್ತಳು. ನಾಟಕವಿಲ್ಲದಿದ್ದರೆ ನಾನು ಏನು ಮಾಡಲಿ ಹೇಳು ಅಂತ ಕೇಳಿದಳು. ಆಣೆ ಮಾಡಿಬಿಡು, ಬಸದಿಯ ಸ್ವಾಮಿಯ ಮುಂದೆ ಹೇಳಿದರೆ ನಂಬುತ್ತಾರೆ ಅಂದೆ. ಇಲ್ಲದ ಹೋಳಿಗೆಗೆ ಸ್ವಾಮಿಯನ್ನು ಯಾಕೆ ಎಳೆಯಲಿ, ತಟ್ಟೆ ಇದೆಯಲ್ಲ ಅಂದಳು. ಅವಳ ತಲೆಯಲ್ಲಿ ಏನಿದೆ ಅಂತ ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಧರಣಪ್ಪನವರು ಬಸದಿಗೆ ಹೋಗಿ ಬಂದು ಪಾರಣೆಗೆ ಕೂತರು. ಉಪವಾಸ ಬಿಡುವ ದಿನವೆಂದು ಶೀಲಾವತಮ್ಮ ಅಡುಗೆಯನ್ನೇನೋ ಮಾಡಿದ್ದರು, ಗಂಡನಿಗೆ ಇಷ್ಟವೆಂದು ಹೋಳಿಗೆಯನ್ನೇ ಮಾಡಿದ್ದರು. ಯಾವ ದಿನ ಯಾವ ತಿಂಡಿ ಮಾಡಬೇಕು ಅನ್ನುವುದು ಆ ತಾಯಿಗೆ ಹೊಳೆಯಲೇ ಇಲ್ಲ. ನಾನೂ, ರಾತ್ರಿ ಅಲ್ಲೇ ಉಳಿದಿದ್ದ ಮಾಮನೂ ದೇವೀರಪ್ಪನೂ ಹಜಾರದಲ್ಲಿ ಕೂತಿದ್ದೆವು. ಎಲೆಗೆ ಬಡಿಸುವ ಮುಂಚೆ ರಾಜಮತಿ ಬಂದು ಅಪ್ಪನ ಎದುರಿಗೆ ಕೂತಳು. ಆ ಹಿತ್ತಾಳೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ತೋರಿಸಿ ನೆಲದ ಮೇಲಿಟ್ಟುಕೊಂಡಳು. ಕಿಟಕಿಯ ಬಿಸಿಲು ನೇರವಾಗಿ ಅದರೊಳಕ್ಕೇ ಬೀಳುತ್ತಿತ್ತು, ಅದರಲ್ಲಿ ಏನೂ ಇಲ್ಲ ಅನ್ನುವುದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು.

ಅವಳು ಹೋಳಿಗೆ ಎತ್ತಿದಳು. ಬೆರಳು ಕೊಡವಿಕೊಂಡಳು. ಅಂಚು ಮುರಿದಳು. ಹೂರಣ ಉದುರಿದಾಗ ಧರಣಪ್ಪನವರ ಕಣ್ಣು ಅದರ ಹಿಂದೆಯೇ ಸೀರೆಗೆ ಇಳಿಯಿತು. ತುಪ್ಪ ಮೊಣಕೈಗೆ ಹರಿದಾಗ ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ನನ್ನ ಪಕ್ಕದಲ್ಲಿ ದೇವೀರಪ್ಪ ಸದ್ದಾಗುವ ಹಾಗೆ ಎಂಜಲು ನುಂಗಿದ. ಅವಳು ಇನ್ನೊಂದನ್ನು ಮಡಿಸಿ ಇಡಿಯಾಗಿ ಬಾಯಿಗೆ ತುರುಕಿಕೊಂಡಳು, ಕೆನ್ನೆ ಉಬ್ಬಿತು, ಗಂಟಲಿಗೆ ಸಿಕ್ಕಿಕೊಂಡಿತು, ಬಿಕ್ಕಳಿಕೆ ಬಂತು. ಬಿಕ್ಕಿ ಬಿಕ್ಕಿ ಕಣ್ಣು ಕೆಂಪಾಯಿತು. ಮೆಲ್ಲಗೆ ತಿನ್ನಬಾರದಾ ಅಂತ ಧರಣಪ್ಪನವರು ತಮ್ಮ ಲೋಟದ ನೀರನ್ನು ಅವಳ ಕೈಗೆ ಕೊಟ್ಟು, ಒಳಗೆ ತಿರುಗಿ, ಇವಳೇ, ಮಗುವಿಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕು, ಒಣಗಿ ಗಂಟಲಿಗೆ ಸಿಕ್ಕಿದೆ ಅಂದರು. ಶೀಲಾವತಮ್ಮ ಓಡಿ ಬಂದು ಬರಿ ತಟ್ಟೆಗೆ ಬಿಸಿ ತುಪ್ಪ ಸುರಿದರು.

ತುಪ್ಪ ಹಿತ್ತಾಳೆಯ ಮೇಲೆ ಹರಡಿ ಬಿಸಿಲಿನಲ್ಲಿ ಹೊಳೆಯಿತು. ಮಿಳ್ಳೆ ಹಿಡಿದ ಕೈ ಹಾಗೇ ನಿಂತುಹೋಯಿತು. ಧರಣಪ್ಪನವರು ತಟ್ಟೆ ನೋಡಿದರು, ಮಗಳ ಒಣ ಮೊಣಕೈ ನೋಡಿದರು, ಆ ಮೊಣಕೈಯನ್ನು ಹಿಡಿದು ಬೆರಳಿನಿಂದ ಉಜ್ಜಿಯೂ ನೋಡಿದರು. ಅವರ ಗಡ್ಡ ನಡುಗುತ್ತಿತ್ತು. ಅಳುತ್ತಾರೋ ಏನೋ ಅಂತ ನಾವು ಹೆದರಿದೆವು. ಆ ಮನುಷ್ಯ ಜೋರಾಗಿ ನಕ್ಕದ್ದನ್ನು ಹಳೇಬೀಡಿನಲ್ಲಿ ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಶಲ್ಯದಿಂದ ಬಾಯಿ ಮುಚ್ಚಿಕೊಂಡರೂ ನಗು ಹೊರಗೆ ಬಂತು. ಇಲ್ಲದ ಹೋಳಿಗೆಗೆ ನಾನು ಒಂದು ದಿನ ಉಪವಾಸ ಕೂತೆನಲ್ಲ ಅಂತ ಹೇಳಿ ಹೇಳಿ ನಕ್ಕರು. ಮಾಮ ನಕ್ಕರು, ದೇವೀರಪ್ಪ ನಕ್ಕ, ನಾನಂತೂ ಕಂಬ ಹಿಡಿದುಕೊಂಡು ನಕ್ಕೆ.

ನಗದವರು ಶೀಲಾವತಮ್ಮ ಒಬ್ಬರೇ. ಅವರು ಮಿಳ್ಳೆಯನ್ನು ಕೆಳಗಿಟ್ಟು ಸೆರಗಿನಿಂದ ಮಗಳ ಹಣೆಯ ಬೆವರು ಒರೆಸಿದರು.

"ನೀವೊಬ್ಬರೇ ಅಲ್ಲ. ನೀವು ಉಣ್ಣದೆ ತಾನೂ ಉಣ್ಣಲ್ಲ ಅಂತ ನಿನ್ನೆಯಿಂದ ಅವಳ ಬಾಯಿಗೂ ಏನೂ ಹೋಗಿಲ್ಲ."

ರಾಜಮತಿ ತಲೆ ಬಗ್ಗಿಸಿದಳು. ಹಸಿದ ಹೊಟ್ಟೆಯಲ್ಲಿ, ನಿಜವಾದ ಹೋಳಿಗೆಯ ವಾಸನೆ ಮನೆಯೆಲ್ಲ ತುಂಬಿರುವಾಗ, ಅವಳು ಅಷ್ಟು ಹೊತ್ತೂ ಗಾಳಿ ತಿಂದಿದ್ದಳು. ಅದು ನನಗೂ ಗೊತ್ತಿರಲಿಲ್ಲ, ಹಿಂದಿನ ದಿನವೆಲ್ಲ ಅವಳ ಪಕ್ಕದಲ್ಲೇ ಇದ್ದ ನನಗೂ. ಧರಣಪ್ಪನವರು ತಮ್ಮ ಎಲೆಯನ್ನು ಎತ್ತಿ ಮಗಳ ಮುಂದೆ ಹಾಸಿ, ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಅದೇ ಮೆಲುದನಿಯಲ್ಲಿ, ಅಭ್ಯಾಸವಿಲ್ಲದ ಆ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು.

"ಒನ್ಸ್ ಮೋರ್. ಇವಳೇ, ಈ ಸಲ ಹೋಳಿಗೆ ಹಾಕು."